ಓದುಗರ ಪ್ರಶ್ನೆಗಳಿಗೆ ಉತ್ತರ: ಮದುವೆಗೆ ಹಾಲ್ ಮೊದಲೋ, ಇಗರ್ಜಿ ಮೊದಲೋ?

ಪ್ರಶ್ನೆ: ನಾವು ಶಿರ್ವದ ಕಡೆಯ ಕಥೋಲಿಕರು, ಮೂವತ್ತು ವರ್ಷಗಳಿಂದ ಮಲಾಡಿನಲ್ಲಿದ್ದೇವೆ. ನಮ್ಮ ಮಗಳು ತನ್ನ ಸಹೋದ್ಯೋಗಿಯಾದ ಹಿಂದೂ ಹುಡುಗನನ್ನು ಮದುವೆಯಾಗಲಿದ್ದಾಳೆ. ಹುಡುಗನ ಮನೆಯವರು ಮೂಲತಃ ಧಾರವಾಡದ ಕಡೆಯವರು, ಈಗ ಡೊಂಬಿವಲಿಯಲ್ಲಿ ನೆಲೆಸಿದ್ದಾರೆ, ಬಹಳ ಸಜ್ಜನರು. ಎರಡೂ ಮನೆಯವರು ಕೂತು ಮಾತಾಡಿ 2027ರ ಫೆಬ್ರುವರಿ 20ರ ಶನಿವಾರಕ್ಕೆ ಹಾಲ್ ಗೊತ್ತುಮಾಡಿ ಮುಂಗಡವನ್ನೂ ಕೊಟ್ಟಿದ್ದೇವೆ. ಮಗಳಿಗೆ ಇಗರ್ಜಿಯಲ್ಲಿಯೇ ಮದುವೆಯಾಗಬೇಕೆಂಬ ಆಸೆ. ಹುಡುಗನ ತಾಯಿ ಸಂಜೆ ಹಾಲಿನಲ್ಲಿ ತಮ್ಮ ಪದ್ಧತಿಯಂತೆ ಧಾರೆ, ಸಪ್ತಪದಿಯೂ ಆಗಲಿ ಎನ್ನುತ್ತಾರೆ. ಹುಡುಗ ಧರ್ಮ ಬದಲಿಸಬೇಕಾಗುತ್ತದೆಯೇ? ಬಲಿಪೂಜೆ (ಮಾಸ್) ಇಟ್ಟುಕೊಳ್ಳಬಹುದೇ? ಬೀಗರು ಇಗರ್ಜಿಯಲ್ಲಿ ಪರಕೀಯರಂತೆ ಕೂರದಿರಲು ನಾವೇನು ಮಾಡಬಹುದು?
ಒಬ್ಬ ತಾಯಿ, ಮಲಾಡ್

ಉತ್ತರ: ಅಮ್ಮ, ನಿಮ್ಮ ಪತ್ರದ ಕೊನೆಯ ಪ್ರಶ್ನೆಯನ್ನು ಓದಿ ನನಗೆ ತುಂಬ ಸಂತೋಷವಾಯಿತು. ಹಾಗೆ ಕೇಳುವವರು ಕಡಿಮೆ. ಆದರೆ ಅದಕ್ಕೆ ಬರುವ ಮೊದಲು ದಿನಾಂಕದ ವಿಷಯವನ್ನು ಮುಗಿಸೋಣ, ಏಕೆಂದರೆ ಕಾರ್ಡು ಅಚ್ಚಿಗೆ ಹೋದ ಮೇಲೆ ಅದನ್ನು ಸರಿಪಡಿಸುವುದು ಕಷ್ಟ. 2027ರಲ್ಲಿ ವಿಭೂತಿ ಬುಧವಾರ ಫೆಬ್ರುವರಿ 10ಕ್ಕೂ ಪಾಸ್ಕ (ಈಸ್ಟರ್) ಹಬ್ಬ ಮಾರ್ಚ್ 28ಕ್ಕೂ ಬರುತ್ತವೆ. ನೀವು ಗೊತ್ತುಮಾಡಿರುವ 20ನೆಯ ತಾರೀಖು ಇವೆರಡರ ನಡುವಿನ ಉಪವಾಸ, ಪ್ರಾಯಶ್ಚಿತ್ತಗಳ ಅವಧಿಯಾದ ತಪಸ್ಸುಕಾಲದ ಒಳಗೆ ಬೀಳುತ್ತದೆ. ಧರ್ಮಸಭೆಯ ವಿಧಿಯು ವಿವಾಹವನ್ನು ಪೂರ್ತಿಯಾಗಿ ನಿಷೇಧಿಸುವುದು ಶುಭ ಶುಕ್ರವಾರ ಮತ್ತು ಪವಿತ್ರ ಶನಿವಾರಗಳಂದು ಮಾತ್ರ. ಉಳಿದ ತಪಸ್ಸಿನ ದಿನಗಳಲ್ಲಿ ಮದುವೆಯಾದರೆ ಆ ಕಾಲದ ಸ್ವಭಾವಕ್ಕೆ ತಕ್ಕ ಸಂಯಮ ಇರಲಿ ಎಂದಷ್ಟೇ ಅದು ಹೇಳುತ್ತದೆ. ಆದರೆ ನಮ್ಮ ಕರಾವಳಿಯವರಲ್ಲಿ ತಪಸ್ಸುಕಾಲದಲ್ಲೂ ಕ್ರಿಸ್ಮಸ್ಸಿಗೆ ಮೊದಲಿನ ಆಗಮನ ಕಾಲದಲ್ಲೂ ಮದುವೆ ಇಟ್ಟುಕೊಳ್ಳದಿರುವುದು ಹಿರಿಯರಿಂದ ಬಂದ ರೂಢಿ, ಮತ್ತು ಬ್ಯಾಂಡು, ಟೋಸ್ಟು, ಕುಣಿತಗಳಿರುವ ಔತಣವನ್ನು ಆ ದಿನಗಳಲ್ಲಿ ನಡೆಸಲು ನಿಮಗೇ ಮನಸ್ಸು ಒಪ್ಪಲಾರದು. ಹಾಲಿನವರೊಡನೆ ಈಗಲೇ ಮಾತಾಡಿ, ಫೆಬ್ರುವರಿ 6ರ ಶನಿವಾರಕ್ಕೋ ಪಾಸ್ಕದ ನಂತರದ ಏಪ್ರಿಲ್ 10ರ ಶನಿವಾರಕ್ಕೋ ಬದಲಿಸಲು ಸಾಧ್ಯವೇ ಎಂದು ಕೇಳಿ. ಬೀಗರಿಗೆ ಇದನ್ನು ವಿವರಿಸುವುದು ಕಷ್ಟವಾಗದು. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆ ಬೇಡವೆನ್ನುವ ಮನೆಯವರಿಗೆ ತಪಸ್ಸುಕಾಲದ ಮಾತು ನಮ್ಮಲ್ಲೇ ಕೆಲವರಿಗಿಂತ ಬೇಗ ಅರ್ಥವಾಗುತ್ತದೆ. ಭಾನುವಾರವನ್ನು ಮಾತ್ರ ಆರಿಸಬೇಡಿ. ರೈಲು ಹಳಿಗಳ ದುರಸ್ತಿಗಾಗಿ ಮೆಗಾ ಬ್ಲಾಕ್ ಇರುವ ದಿನ ಡೊಂಬಿವಲಿಯಿಂದ ಮಲಾಡಿಗೆ ಬರುವ ವೃದ್ಧರ ಪಾಡು ನಿಮಗೂ ಗೊತ್ತು.

ಹಾಲ್, ಅಡುಗೆಯವರು, ಫೋಟೊದವರು ಇವರಿಗೆಲ್ಲ ಬೇಕಾಗಿರುವುದು ಹಣ ಮತ್ತು ತಾರೀಖು. ಇಗರ್ಜಿಗೆ ಬೇಕಾಗಿರುವುದು ಸಮಯ ಮತ್ತು ಮಾತುಕತೆ. ಆದ್ದರಿಂದ ಮದುವೆಯ ಸಿದ್ಧತೆಯಲ್ಲಿ ಮೊದಲ ಭೇಟಿ ನಿಮ್ಮ ಇಗರ್ಜಿಯ ಹೊಣೆ ಹೊತ್ತ ವಿಚಾರಣಾ ಗುರುಗಳದ್ದೇ ಆಗಿರಬೇಕು ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತ ಬಂದಿದ್ದೇನೆ. ನಿಮ್ಮಂತಹ ಅಂತರ್ಧರ್ಮೀಯ ವಿವಾಹದಲ್ಲಿ ಕನಿಷ್ಠ ಆರು ತಿಂಗಳ ಮೊದಲೇ ಹುಡುಗ ಹುಡುಗಿ ಇಬ್ಬರೂ ಒಟ್ಟಿಗೆ ಹೋಗಿ ಅವರನ್ನು ಕಾಣುವುದು ಒಳ್ಳೆಯದು.

ಹುಡುಗ ಧರ್ಮ ಬದಲಿಸಬೇಕಾಗಿಲ್ಲ. ಮದುವೆಗಾಗಿ ಜ್ಞಾನಸ್ನಾನ (ಕ್ರೈಸ್ತರಾಗುವ ದೀಕ್ಷೆ) ಪಡೆಯಲಿ ಎಂದು ಯಾರೂ, ಪ್ರೀತಿಯಿಂದಲೂ, ಅವನನ್ನು ಒತ್ತಾಯಿಸಬಾರದು. ಕಥೋಲಿಕರು ಜ್ಞಾನಸ್ನಾನ ಪಡೆಯದವರನ್ನು ಮದುವೆಯಾಗಲು ಧರ್ಮಾಧ್ಯಕ್ಷರಿಂದ (ಬಿಷಪರಿಂದ) ವಿನಾಯಿತಿ ಬೇಕು. ಅದಿಲ್ಲದೆ ನಡೆದ ಮದುವೆಯನ್ನು ಧರ್ಮಸಭೆ ಮಾನ್ಯ ಮಾಡುವುದಿಲ್ಲ. ಅರ್ಜಿಯನ್ನು ವಿಚಾರಣಾ ಗುರುಗಳೇ ಕಳುಹಿಸುತ್ತಾರೆ. ಅದಕ್ಕೆ ಮೊದಲು ನಿಮ್ಮ ಮಗಳು, ತಾನು ತನ್ನ ವಿಶ್ವಾಸವನ್ನು ಬಿಡುವುದಿಲ್ಲವೆಂದೂ ಹುಟ್ಟುವ ಮಕ್ಕಳಿಗೆ ಕಥೋಲಿಕ ಧರ್ಮಸಭೆಯಲ್ಲಿ ಜ್ಞಾನಸ್ನಾನ ಕೊಡಿಸಿ ಬೆಳೆಸಲು ತನ್ನಿಂದಾದುದನ್ನೆಲ್ಲ ಮಾಡುವೆನೆಂದೂ ಪ್ರಾಮಾಣಿಕವಾಗಿ ಮಾತು ಕೊಡಬೇಕು. ಈ ಮಾತು ಕೊಡುವವಳು ಅವಳು ಮಾತ್ರ. ಹುಡುಗ ಏನನ್ನೂ ಪ್ರಮಾಣ ಮಾಡಬೇಕಾಗಿಲ್ಲ, ಆದರೆ ಅವಳು ಯಾವ ಮಾತು ಕೊಟ್ಟಿದ್ದಾಳೆಂಬುದು ಅವನಿಗೆ ಸ್ಪಷ್ಟವಾಗಿ ತಿಳಿದಿರಬೇಕು. ಮಕ್ಕಳ ವಿಷಯವನ್ನು ಈ ಇಬ್ಬರೂ ಈಗಲೇ, ಹಿರಿಯರು ಯಾರೂ ಇಲ್ಲದ ಕಡೆ ಕೂತು, ಮನಬಿಚ್ಚಿ ಮಾತಾಡಲಿ. ಗುರುಗಳ ಎದುರು ಕಾಗದಕ್ಕೆ ಸಹಿ ಹಾಕುವ ದಿನ ಮೊದಲ ಬಾರಿಗೆ ಆ ವಿಷಯ ಎದುರಾಗಿ ಮುಖ ಸಪ್ಪಗಾದ ಜೋಡಿಗಳನ್ನು ನಾನು ಕಂಡಿದ್ದೇನೆ.

ಬಲಿಪೂಜೆಯ ಬಗ್ಗೆ ಕೇಳಿದ್ದೀರಿ. ವಿವಾಹದ ವಿಧಿಗೆ ಮೂರು ರೂಪಗಳಿವೆ: ಬಲಿಪೂಜೆಯೊಳಗೆ ನಡೆಯುವುದು, ಬಲಿಪೂಜೆಯಿಲ್ಲದೆ ನಡೆಯುವುದು, ಮತ್ತು ಕಥೋಲಿಕರು ಕ್ರೈಸ್ತರಲ್ಲದವರನ್ನು ವರಿಸುವಾಗ ನಡೆಯುವುದು. ನಿಮ್ಮ ಮಗಳ ಮದುವೆಗೆ ಅನ್ವಯಿಸುವುದು ಮೂರನೆಯದು. ಅದರಲ್ಲಿ ಬಲಿಪೂಜೆ ಇರುವುದಿಲ್ಲ, ಪರಮಪ್ರಸಾದ ಹಂಚುವುದಿಲ್ಲ. ಇದನ್ನು ಕೊರತೆಯೆಂದು ಕೊರಗಬೇಡಿ. ಒಂದು ಪಂಗಡ ಎದ್ದು ಪರಮಪ್ರಸಾದಕ್ಕೆ ಸಾಲುಗಟ್ಟಿ ಇನ್ನೊಂದು ಪಂಗಡ ಬೆಂಚಿನಲ್ಲಿ ಉಳಿಯುವ ದೃಶ್ಯ ಮದುವೆಯ ದಿನ ಇಲ್ಲದಿರುವುದು ಎರಡು ಮನೆಗಳಿಗೂ ಹಿತ. ವಾಚನಗಳು, ಪ್ರಬೋಧನೆ, ಸಮ್ಮತಿ, ಉಂಗುರಗಳ ಆಶೀರ್ವಾದ, ವಿಶ್ವಾಸಿಗಳ ಪ್ರಾರ್ಥನೆ, ಎಲ್ಲವೂ ಅದರಲ್ಲಿದೆ. ಅವಸರವಿಲ್ಲದೆ ನಡೆಸಿದರೂ ಒಂದು ಗಂಟೆಯೊಳಗೆ ಮುಗಿಯುತ್ತದೆ.

ಧಾರೆ ಮತ್ತು ಸಪ್ತಪದಿಯ ವಿಷಯ ನಾಜೂಕಿನದು, ಆದರೂ ಇದ್ದದ್ದನ್ನು ಇದ್ದಂತೆಯೇ ಹೇಳುತ್ತೇನೆ. ಇಗರ್ಜಿಯಲ್ಲಿ ಸಮ್ಮತಿ ಕೊಟ್ಟು ಮದುವೆಯಾದವರು, ಅದೇ ಸಮ್ಮತಿಯನ್ನು ಕೊಡುವ ಅಥವಾ ನವೀಕರಿಸುವ ಮತ್ತೊಂದು ಧಾರ್ಮಿಕ ವಿಧಿಯನ್ನು ಅದಕ್ಕೆ ಮೊದಲಾಗಲಿ ಅನಂತರವಾಗಲಿ ನಡೆಸಕೂಡದು ಎಂಬುದು ಧರ್ಮಸಭೆಯ ಕಾನೂನು. ಸಪ್ತಪದಿ ಎಂದರೆ ಬರೀ ಅಲಂಕಾರವಲ್ಲ, ಅದೇ ಮದುವೆ. ಅದನ್ನು ನಂಬುವವರಿಗೂ ಅದು ಹಾಗೆಯೇ. ಅದನ್ನು ಫೋಟೊಕ್ಕಾಗಿ ಮಾಡಿಸುವುದು ಅವರ ಪದ್ಧತಿಗೂ ಗೌರವವಲ್ಲ. ಕಾನೂನಿನ ದೃಷ್ಟಿಯಿಂದಲೂ ಅದರಿಂದ ಪ್ರಯೋಜನವಿಲ್ಲ, ಏಕೆಂದರೆ 1955ರ ಹಿಂದೂ ವಿವಾಹ ಕಾಯ್ದೆ ಅನ್ವಯಿಸುವುದು ವಧೂವರರಿಬ್ಬರೂ ಹಿಂದೂಗಳಾಗಿದ್ದಾಗ ಮಾತ್ರ. ಹಾಗೆಂದು ಅವರ ಮನೆಯ ಸಂಪ್ರದಾಯಗಳೆಲ್ಲ ಬಾಗಿಲ ಹೊರಗೆ ನಿಲ್ಲಬೇಕಾಗಿಲ್ಲ. ಅರಿಶಿನ ಹಚ್ಚುವುದು, ಹಿರಿಯರಿಗೆ ನಮಸ್ಕರಿಸಿ ಆಶೀರ್ವಾದ ಪಡೆಯುವುದು, ಉಡಿ ತುಂಬುವುದು, ಸೊಸೆಯನ್ನು ಆರತಿ ಎತ್ತಿ ಮನೆತುಂಬಿಸಿಕೊಳ್ಳುವುದು, ಇವು ಯಾವುದೂ ಎರಡನೆಯ ವಿವಾಹವಾಗುವುದಿಲ್ಲ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಪಟ್ಟಿಯೊಂದಿಗೆ ಹುಡುಗನ ತಾಯಿಯನ್ನೇ ಒಮ್ಮೆ ಗುರುಗಳ ಬಳಿಗೆ ಕರೆದುಕೊಂಡು ಹೋಗಿ. ಗಂಭೀರ ಕಾರಣಗಳಿದ್ದಾಗ ಧರ್ಮಾಧ್ಯಕ್ಷರು ಇಗರ್ಜಿಯ ವಿಧಿಯಿಂದಲೇ ವಿನಾಯಿತಿ ಕೊಟ್ಟು ಬೇರೆ ಬಗೆಯಲ್ಲಿ ಮದುವೆಯಾಗಲು ಅನುಮತಿಸುವುದೂ ಉಂಟು. ನಿಮ್ಮ ಮಗಳಿಗೆ ಇಗರ್ಜಿಯೇ ಬೇಕೆಂದಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ನನ್ನ ಬೇಡಿಕೆ ಒಂದೇ: ಈ ಮಾತನ್ನು ಮದುವೆಯ ಹಿಂದಿನ ವಾರದವರೆಗೆ ಅವರಿಂದ ಮುಚ್ಚಿಡಬೇಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ.

ನಮ್ಮ ಲತೀನ್ ಸಂಪ್ರದಾಯದಲ್ಲಿ ಮದುವೆ ಮಾಡಿಸುವವರು ಗುರುಗಳಲ್ಲ, ವಧೂವರರೇ ಪರಸ್ಪರ ಸಮ್ಮತಿ ಕೊಟ್ಟು ಮದುವೆಯಾಗುತ್ತಾರೆ. ಗುರುಗಳು ಧರ್ಮಸಭೆಯ ಪರವಾಗಿ ಆ ಸಮ್ಮತಿಯನ್ನು ಕೇಳಿ ಸ್ವೀಕರಿಸುತ್ತಾರೆ. ಸುಖದಲ್ಲೂ ದುಃಖದಲ್ಲೂ, ಆರೋಗ್ಯದಲ್ಲೂ ಅನಾರೋಗ್ಯದಲ್ಲೂ ನಿಷ್ಠೆಯಿಂದಿರುವೆನೆಂದು ಹೇಳುವ ಎರಡು ಮೂರು ವಾಕ್ಯಗಳೇ ಆ ದಿನದ ಜೀವಾಳ, ಉಳಿದುದೆಲ್ಲ ಅದರ ಸುತ್ತಲಿನ ಹೂವು. ನಮ್ಮ ಮನೆಯದ್ದೇ ಒಂದು ಮದುವೆಯಲ್ಲಿ ಆ ಹೊತ್ತಿಗೆ ವಿಡಿಯೊದವರು ಬಲಿಪೀಠದ ಎದುರು ಅಡ್ಡ ನಿಂತರು, ಮೈಕು ಕೈಕೊಟ್ಟಿತು, ವಧೂವರರು ಏನು ಹೇಳಿದರೆಂಬುದು ಮೊದಲ ಬೆಂಚಿನಲ್ಲಿದ್ದ ತಾಯಿಗೂ ಕೇಳಿಸಲಿಲ್ಲ. ಆಕೆ ಅದನ್ನು ಇಂದಿಗೂ ನೆನೆದು ಬೇಸರಪಡುತ್ತಾರೆ. ಆದ್ದರಿಂದ ಹಿಂದಿನ ದಿನದ ಅಭ್ಯಾಸದಲ್ಲಿ ಒಬ್ಬರು ಕೊನೆಯ ಬೆಂಚಿನಲ್ಲಿ ಕೂತು ಮೈಕನ್ನು ಪರೀಕ್ಷಿಸಲಿ, ಮತ್ತು ಸಮ್ಮತಿಯ ಹೊತ್ತಿನಲ್ಲಿ ಕ್ಯಾಮೆರಾದವರು ಎಲ್ಲಿ ನಿಲ್ಲಬೇಕೆಂದು ಗುರುಗಳ ಎದುರಿಗೇ ತೀರ್ಮಾನವಾಗಲಿ.

ಕೇಳಿಸಿದರೆ ಸಾಲದು, ಅರ್ಥವೂ ಆಗಬೇಕು. ಮುಂಬಯಿಯ ನಮ್ಮ ಮದುವೆಗಳು ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ನಡೆಯುತ್ತವೆ. ಧಾರವಾಡದಿಂದ ಬರುವ ಹುಡುಗನ ಅಜ್ಜಿಗೆ ಇಂಗ್ಲಿಷೂ ಬಾರದು, ನಮ್ಮ ಕೊಂಕಣಿಯೂ ತಿಳಿಯದು. ಎರಡು ಮನೆಗಳಿಗೂ ಸೇರಿದ ಭಾಷೆ ಕನ್ನಡವೇ ಆಗಿರುವಾಗ ಸಮ್ಮತಿಯ ಮಾತುಗಳೂ ಒಂದು ವಾಚನವೂ ಕನ್ನಡದಲ್ಲಿರಲಿ. ಸಮ್ಮತಿಯನ್ನು ಸ್ವೀಕರಿಸುವ ಗುರುಗಳಿಗೆ ಆ ಭಾಷೆ ತಿಳಿದಿರಬೇಕಾದ್ದರಿಂದ, ನಿಮ್ಮ ವಿಚಾರಣಾ ಗುರುಗಳಿಗೆ ಕನ್ನಡ ಬಾರದಿದ್ದರೆ ಕನ್ನಡ ಬಲ್ಲ ಗುರುಗಳೊಬ್ಬರಿಗೆ ಅಧಿಕಾರ ವಹಿಸಿಕೊಡುವಂತೆ ಅವರನ್ನೇ ವಿನಂತಿಸಿ. ಪ್ರಾರ್ಥನೆಯ ಪುಸ್ತಿಕೆಯನ್ನು ಅಚ್ಚು ಹಾಕಿಸುವಾಗ ಕನ್ನಡವನ್ನು ಒಂದು ಕಡೆ, ಇಂಗ್ಲಿಷನ್ನು ಎದುರು ಪುಟದಲ್ಲಿ ಕೊಡಿ; ಯಾವಾಗ ಎದ್ದು ನಿಲ್ಲಬೇಕು, ಯಾವಾಗ ಕೂರಬೇಕು ಎಂಬುದನ್ನು ಸಣ್ಣ ಅಕ್ಷರದಲ್ಲಲ್ಲ, ದಪ್ಪ ಅಕ್ಷರದಲ್ಲಿ ಬರೆಸಿ. ಹೊಸಬರಿಗೆ ಇಗರ್ಜಿಯಲ್ಲಿ ಆಗುವ ಮುಜುಗರದ ಮುಕ್ಕಾಲು ಪಾಲು ಇದರಿಂದಲೇ ಹೋಗುತ್ತದೆ.

ವಾಚನಗಳನ್ನು ಮಕ್ಕಳೇ ಆರಿಸಲಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿಮೂರನೆಯ ಅಧ್ಯಾಯ ಎಲ್ಲರಿಗೂ ಪ್ರಿಯವೇ. ಆದರೂ ತೋಬಿತನ ಗ್ರಂಥದಲ್ಲಿ ನವದಂಪತಿಗಳು ತಮ್ಮ ಮೊದಲ ರಾತ್ರಿಯಲ್ಲಿ ಎದ್ದು ಒಟ್ಟಿಗೆ ಪ್ರಾರ್ಥಿಸುವ ಭಾಗವನ್ನೂ ಅವರು ಓದಿ ನೋಡಲಿ. ಶುಭಸಂದೇಶಕ್ಕೆ ಕಾನಾ ಊರಿನ ಮದುವೆಯ ಪ್ರಸಂಗ ಇದ್ದರೆ ನನಗೆ ಇಷ್ಟ. ಔತಣದ ನಡುವೆ ದ್ರಾಕ್ಷಾರಸ ಮುಗಿದುಹೋಗಿ ಮನೆಯವರ ಮಾನ ಹೋಗುವಂತಾದಾಗ ಅದನ್ನು ಮೊದಲು ಗಮನಿಸಿದವಳು ಅತಿಥಿಯಾಗಿ ಬಂದಿದ್ದ ಒಬ್ಬ ತಾಯಿ. ಮದುವೆಮನೆಯ ಆತಂಕ ಬಲ್ಲ ಯಾವ ಧರ್ಮದವರಿಗೂ ಆ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿವಾಹಕ್ಕೆ ಇಬ್ಬರು ಸಾಕ್ಷಿಗಳು ಬೇಕು, ಮತ್ತು ಅವರು ಕಥೋಲಿಕರೇ ಆಗಿರಬೇಕೆಂದಿಲ್ಲ; ಹುಡುಗನ ಅಕ್ಕನೋ ತಮ್ಮನೋ ಒಬ್ಬ ಸಾಕ್ಷಿಯಾಗಲಿ, ರಿಜಿಸ್ಟರಿನಲ್ಲಿ ಅವರ ಸಹಿ ಉಳಿಯಲಿ. ತಂದೆ ಮಗಳ ಕೈಹಿಡಿದು ತಂದು ವರನಿಗೆ ಒಪ್ಪಿಸುವುದು ನಮ್ಮ ವಿಧಿಯ ಭಾಗವೇ ಅಲ್ಲ. ವಧೂವರರು ತಮ್ಮ ತಮ್ಮ ತಂದೆತಾಯಿಗಳ ಜತೆ ಒಟ್ಟಾಗಿ ಬಲಿಪೀಠದ ಕಡೆಗೆ ನಡೆದು ಬರುವ ಮೆರವಣಿಗೆಯೇ ವಿಧಿಗೆ ಹೆಚ್ಚು ಹತ್ತಿರ. ನಾಲ್ವರು ಹಿರಿಯರೂ ಹಾಗೆ ಒಟ್ಟಿಗೆ ನಡೆದು ಬಂದರೆ ನೀವು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಂತೆ. ಕರಿಮಣಿಯನ್ನು ಉಂಗುರದೊಂದಿಗೆ ಆಶೀರ್ವದಿಸಿ ಕಟ್ಟುವ ರೂಢಿ ನಮ್ಮವರಲ್ಲಿದೆಯಷ್ಟೆ. ಅವರ ಮನೆಯ ಮಾದರಿಯ ಮಂಗಳಸೂತ್ರವನ್ನು ಅತ್ತೆಯೇ ತಂದು ಕೊಡಲಿ. ಪ್ರಾರ್ಥನೆಯ ಒಂದು ಕೋರಿಕೆಯನ್ನು ಅವರ ಮನೆಯವರೊಬ್ಬರು ಓದಬಹುದೇ ಎಂದು ಗುರುಗಳನ್ನು ಮೊದಲೇ ಕೇಳಿಡಿ.

ಕೊನೆಯದಾಗಿ ಸರಕಾರಿ ದಾಖಲೆ. ವಧೂವರರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಇಗರ್ಜಿಯಲ್ಲಿ ಮದುವೆ ನಡೆಯಬಹುದು. ಕೆಲವರು 1954ರ ವಿಶೇಷ ವಿವಾಹ ಕಾಯ್ದೆಯ ದಾರಿಯನ್ನೂ ಹಿಡಿಯುತ್ತಾರೆ. ಅದಕ್ಕೆ 30 ದಿನಗಳ ನೋಟಿಸು ಬೇಕು, ಮತ್ತು ಹುಡುಗ ಅವಿಭಕ್ತ ಹಿಂದೂ ಕುಟುಂಬದ ಸದಸ್ಯನಾಗಿದ್ದರೆ ಆ ಕಾಯ್ದೆಯಡಿ ಕ್ರೈಸ್ತ ಹುಡುಗಿಯನ್ನು ಮದುವೆಯಾದೊಡನೆ ಅವನು ಆ ಕುಟುಂಬದಿಂದ ಬೇರ್ಪಟ್ಟಂತೆ ಆಗುತ್ತದೆ. ಊರಿನಲ್ಲಿ ಜಮೀನಿದ್ದರೆ ಒಬ್ಬ ವಕೀಲರನ್ನು ಕಂಡು ನಿರ್ಧರಿಸಿ.

ಪ್ರಶ್ನೆ: ನಾನೂ ನನ್ನ ಭಾವಿ ಪತ್ನಿಯೂ ಕಥೋಲಿಕರು, ಇಬ್ಬರೂ ಪುಣೆಯಲ್ಲಿ ಕೆಲಸದಲ್ಲಿದ್ದೇವೆ. ನಾವು ವಾಸಿಸುವ ಪ್ರದೇಶದ ಧರ್ಮಕೇಂದ್ರದ (ಪ್ಯಾರಿಷಿನ) ಬದಲು ನಗರದ ಹಳೆಯ ಇಗರ್ಜಿಯೊಂದರಲ್ಲಿ, ಮಂಗಳೂರಿನಲ್ಲಿ ಗುರುಗಳಾಗಿರುವ ನನ್ನ ಸೋದರಮಾವನಿಂದ ಮದುವೆ ಮಾಡಿಸಿಕೊಳ್ಳಬೇಕೆಂದಿದ್ದೇವೆ. ಯಾವ ಯಾವ ಪತ್ರಗಳು ಬೇಕು?
ವರ, ಪುಣೆ

ಉತ್ತರ: ಮದುವೆ ನಡೆಯಬೇಕಾದದ್ದು ನಿಮ್ಮಿಬ್ಬರಲ್ಲಿ ಒಬ್ಬರ ಧರ್ಮಕೇಂದ್ರದಲ್ಲಿ, ಬೇರೆ ಇಗರ್ಜಿ ಬೇಕಾದರೆ ನಿಮ್ಮ ವಿಚಾರಣಾ ಗುರುಗಳ ಅನುಮತಿ ಪತ್ರ ಬೇಕು. ನಿಮ್ಮ ಸೋದರಮಾವ ಗುರುಗಳಾಗಿದ್ದಾರೆ ಎಂದ ಮಾತ್ರಕ್ಕೆ ಅಲ್ಲಿ ಮದುವೆ ನಡೆಸುವ ಅಧಿಕಾರ ಅವರಿಗೆ ತಾನಾಗಿ ಬರುವುದಿಲ್ಲ. ಮದುವೆ ನಡೆಯುವ ಇಗರ್ಜಿಯ ವಿಚಾರಣಾ ಗುರುಗಳು ಅವರ ಹೆಸರಿಗೆ ಆ ಅಧಿಕಾರವನ್ನು ವಹಿಸಿಕೊಡಬೇಕು, ಇಲ್ಲವಾದರೆ ಮದುವೆಯೇ ಅಸಿಂಧುವಾಗುತ್ತದೆ. ಇದನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಪಡೆದುಕೊಳ್ಳಿ.

ಪತ್ರಗಳಲ್ಲಿ ಮುಖ್ಯವಾದದ್ದು ಜ್ಞಾನಸ್ನಾನದ ಪ್ರಮಾಣಪತ್ರ. ಮನೆಯ ಕಪಾಟಿನಲ್ಲಿರುವ ಹಳೆಯ ಪ್ರತಿ ನಡೆಯುವುದಿಲ್ಲ. ವ್ಯಕ್ತಿಯ ದೃಢೀಕರಣ ಸಂಸ್ಕಾರ, ಮದುವೆ ಎಲ್ಲವನ್ನೂ ಆತ ಜ್ಞಾನಸ್ನಾನ ಪಡೆದ ಊರಿನ ಪುಸ್ತಕದಲ್ಲೇ ಬರೆದಿಡುವುದರಿಂದ, ನೀವು ಅವಿವಾಹಿತರೆಂಬುದಕ್ಕೆ ಆ ಪುಸ್ತಕದ ಇಂದಿನ ಸ್ಥಿತಿಯೇ ಸಾಕ್ಷಿ. ಆದ್ದರಿಂದ ಕಳೆದ ಆರು ತಿಂಗಳೊಳಗೆ ಹೊಸದಾಗಿ ಬರೆಸಿದ ಪ್ರತಿಯನ್ನು ಕೇಳುತ್ತಾರೆ. ಊರಿನ ಇಗರ್ಜಿಗೆ ಇಬ್ಬರೂ ಬೇಗ ಪತ್ರ ಬರೆಯಿರಿ, ಹಳೆಯ ಪುಸ್ತಕದಲ್ಲಿ ಹೆಸರಿನ ಅಕ್ಷರಗಳು ನಿಮ್ಮ ಆಧಾರ್ ಕಾರ್ಡಿಗಿಂತ ಬೇರೆ ಇದ್ದರೆ ಸರಿಪಡಿಸಲು ಸಮಯ ಬೇಕಾಗುತ್ತದೆ. ಇದರ ಜತೆ ದೃಢೀಕರಣದ ಪತ್ರ, ವಿವಾಹ ಸಿದ್ಧತಾ ಶಿಬಿರದ ಪ್ರಮಾಣಪತ್ರ, ವಯಸ್ಸಿನ ದಾಖಲೆಗಳು ಬೇಕು. ಗುರುಗಳು ನಿಮ್ಮಿಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ ಪ್ರಶ್ನಿಸುತ್ತಾರೆ. ಅದು ಯಾರ ಒತ್ತಾಯವೂ ಇಲ್ಲದೆ ಒಪ್ಪಿದ್ದೀರೆಂದು ಖಚಿತಪಡಿಸಿಕೊಳ್ಳಲು. ಅನಂತರ ಇಬ್ಬರ ಧರ್ಮಕೇಂದ್ರಗಳಲ್ಲೂ ವಿವಾಹ ಪ್ರಕಟಣೆ ಓದುತ್ತಾರೆ. ಶಿಬಿರವನ್ನು ಸರ್ಟಿಫಿಕೇಟಿಗಾಗಿ ಮಾತ್ರ ಎಂದು ಭಾವಿಸದೆ ನಿಶ್ಚಿತಾರ್ಥದ ಮೊದಲೇ ಮುಗಿಸಿದವರನ್ನು ಕಂಡರೆ ನನಗೆ ಗೌರವ: ಅಲ್ಲಿ ಎದ್ದ ಪ್ರಶ್ನೆಗಳಿಗೆ ಉತ್ತರ ಹುಡುಕಲು ಅವರಿಗೆ ಇನ್ನೂ ದಿನಗಳಿರುತ್ತವೆ.

ಪ್ರಶ್ನೆ: ನಾವು ಅಂಧೇರಿಯವರು, ಮಗನ ಮದುವೆಯನ್ನು ಗೋವೆಯಲ್ಲಿ ಮಾಡಬೇಕೆಂಬ ಯೋಚನೆಯಿದೆ. ಕಡಲ ತೀರದಲ್ಲಿ ಮಾಡಬಹುದೇ?
ಓದುಗರು, ಅಂಧೇರಿ

ಉತ್ತರ: ಇಬ್ಬರು ಕಥೋಲಿಕರ ಮದುವೆ ಇಗರ್ಜಿಯಲ್ಲಿಯೇ ಆಗಬೇಕು; ಔತಣ ಮಾತ್ರ ತೀರದಲ್ಲಿರಲಿ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಗೋವೆಗೆ 1872ರ ಕಾಯ್ದೆ ಅನ್ವಯಿಸುವುದಿಲ್ಲ. ಪೋರ್ಚುಗೀಸರ ಕಾಲದಿಂದ ಉಳಿದುಬಂದ ನಾಗರಿಕ ಕಾನೂನಿನಂತೆ ವಧೂವರರು ಮೊದಲು ಸಿವಿಲ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತಮ್ಮ ಉದ್ದೇಶವನ್ನು ಘೋಷಿಸಿ, ಅಲ್ಲಿಂದ ನಿರಾಕ್ಷೇಪಣಾ ಪತ್ರ ಪಡೆದು ಇಗರ್ಜಿಗೆ ಕೊಡಬೇಕು. ವಿಮಾನದ ಟಿಕೆಟ್ ತೆಗೆಯುವ ಮೊದಲು ಆ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ನನ್ನ ಪತಿ ತೀರಿಕೊಂಡು ಆರು ವರ್ಷಗಳಾದವು. ಮಗನ ಮದುವೆ ಹತ್ತಿರ ಬಂದಿದೆ. ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರವಾದ ರೋಸಿನ ದಿನ ಮಗನಿಗೆ ಮೊದಲು ರೋಸ್ ಹಚ್ಚುವುದು ನನ್ನಾಸೆ. ವಿಧವೆ ಹಚ್ಚಬಾರದು, ಶಾಸ್ತ್ರ ನಡೆಸುವ ಯೆಜ್ಮಾನಿಯಾಗಿ ಗಂಡನಿರುವವಳೊಬ್ಬಳು ನಿಲ್ಲಲಿ ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಾರೆ. ಇಗರ್ಜಿಯ ನಿಯಮ ಹಾಗಿದೆಯೇ?
ತಾಯಿ, ಮೀರಾ ರೋಡ್

ಉತ್ತರ: ಇಲ್ಲ, ಖಂಡಿತ ಇಲ್ಲ. ರೋಸ್ ನಮ್ಮ ಮನೆಗಳ ಸಂಪ್ರದಾಯ, ಇಗರ್ಜಿಯ ವಿಧಿಯಲ್ಲ. ಅದನ್ನು ಯಾರು ಹಚ್ಚಬೇಕೆಂದು ಧರ್ಮಸಭೆ ಎಲ್ಲಿಯೂ ಹೇಳಿಲ್ಲ. ವಿಧವೆಯನ್ನು ಶುಭಕಾರ್ಯದಿಂದ ದೂರವಿಡುವುದು ಶುಭಸಂದೇಶಕ್ಕೆ ಒಪ್ಪುವ ಮಾತೂ ಅಲ್ಲ. ನಾಯಿನ್ ಊರಿನ ಬಾಗಿಲಲ್ಲಿ ಪ್ರಭು ಯೇಸು ಕನಿಕರಿಸಿದ್ದು ಒಬ್ಬನೇ ಮಗನನ್ನು ಕಳೆದುಕೊಂಡ ವಿಧವೆಯನ್ನು ಕಂಡು. ನಿಮ್ಮ ಮನೆಯ ಹಿರಿಯರು ಕೆಟ್ಟ ಮನಸ್ಸಿನಿಂದ ಹೇಳಿದ್ದಾರೆಂದು ನಾನು ಭಾವಿಸುವುದಿಲ್ಲ, ತಮ್ಮ ಹಿರಿಯರಿಂದ ಕೇಳಿದ್ದನ್ನು ಹೇಳಿದ್ದಾರೆ. ಅವರ ಮನಸ್ಸು ನೋಯದಂತೆ, ಆದರೆ ಸ್ಪಷ್ಟವಾಗಿ, ಈ ಮಾತನ್ನು ಆಡಬೇಕಾದವನು ನಿಮ್ಮ ಮಗ. ನನಗೆ ಮೊದಲು ಅಮ್ಮನೇ ಹಚ್ಚಲಿ ಎಂದು ಮದುಮಗನೇ ಹೇಳಿದರೆ ಯಾರೂ ಎದುರಾಡಲಾರರು. ಮದುವೆಯ ಕೊಂಕಣಿ ಹಾಡುಗಳಾದ ವೊವಿಯೊ ಹಾಡುವ ಬಾಯಮ್ಮಂದಿರಿಗೂ ಒಂದು ಮಾತು ಮೊದಲೇ ತಿಳಿಸಿಡಿ, ತಾಯಿಯ ಹೆಸರನ್ನು ಕೂಡಿಸಿ ಹಾಡುವುದು ಅವರಿಗೆ ಹೊಸತೇನಲ್ಲ. ತೆಂಗಿನ ಹಾಲನ್ನು ಅಂದು ಬೆಳಗ್ಗೆ ನೀವೇ ಹಿಂಡಿ ತೆಗೆಯಿರಿ, ಇಗರ್ಜಿಯಲ್ಲಿ ಮಗನ ಜತೆ ನಡೆದು ಬರುವವರೂ ನೀವೇ ಆಗಿರಿ, ಪಕ್ಕದಲ್ಲಿ ಖಾಲಿ ಉಳಿಯುವ ಜಾಗಕ್ಕೆ ಬೇರೆ ಯಾರನ್ನಾದರೂ ನಿಲ್ಲಿಸಬೇಕೆಂದು ಆತುರಪಡಬೇಡಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಮಗನ ತಂದೆಯ ಹೆಸರನ್ನು ಸೇರಿಸಲು ಗುರುಗಳಿಗೆ ಒಂದು ಚೀಟಿ ಬರೆದು ಕೊಡಿ.